ಹಸಿರು ಚೌಕದ ಹಿಂದೆ

ಕೇಳುಗರಿಗೆ ನಮಸ್ಕಾರ. ಕಣ್ಣಿನಿಂದ ನೋಡಬೇಕಾದ ಪರದೆಯೊಂದರ ವಿಚಾರವನ್ನು ಕಿವಿಗೆ ಮಾತ್ರ ಮುಟ್ಟುವ ಬಾನುಲಿಯಲ್ಲಿ ಹೇಳಲು ಹೊರಟಿದ್ದೇನೆ. ಮಾತಿನಲ್ಲಿ ವಿವರಿಸಲಾಗದ ಪರದೆ ನೋಡಿದರೂ ಅರ್ಥವಾಗದು ಎಂಬುದು ನನ್ನ ಅನುಭವವಾದ್ದರಿಂದ, ಈ ಪ್ರಯತ್ನ ಅಷ್ಟೇನೂ ಅಸಂಗತವಲ್ಲ.

ದೊಡ್ಡ ಸಂಸ್ಥೆಯೊಂದರಲ್ಲಿ ಸಂಬಳದ ಲೆಕ್ಕ, ಬಿಲ್ಲು, ದಾಸ್ತಾನು, ಗ್ರಾಹಕರ ದೂರು ಎಂದು ಪ್ರತಿಯೊಂದಕ್ಕೂ ಒಂದೊಂದು ಸಾಫ್ಟ್‌ವೇರ್ ದುಡಿಯುತ್ತಿರುತ್ತದೆ. ಅವೆಲ್ಲ ಸರಿಯಾಗಿ ನಡೆಯುತ್ತಿವೆಯೇ ಎಂಬುದನ್ನು ಒಂದೇ ಕಡೆ ತೋರಿಸುವ ಪರದೆಯೇ ಮಾನಿಟರಿಂಗ್ ಡ್ಯಾಶ್‌ಬೋರ್ಡ್. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಅಂಥದೊಂದರ ವಿನ್ಯಾಸದ ಹೊಣೆ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂತು. ಡೇಟಾಬೇಸಿನವರಿಗೊಂದು, ನೆಟ್‌ವರ್ಕಿನವರಿಗೊಂದು ಎಂದು ಅಲ್ಲಿ ಏಳು ಪರದೆಗಳಿದ್ದವು. ಏಳನ್ನೂ ಒಂದಾಗಿಸಬೇಕೆಂಬುದು ಆಡಳಿತದ ಅಪೇಕ್ಷೆ.

ಒಂದಾಗಿಸುವುದೆಂದರೆ ಏಳನ್ನೂ ಪಕ್ಕಪಕ್ಕದಲ್ಲಿ ಅಂಟಿಸುವುದು ಎಂದೇ ನಾವೂ ಮೊದಲು ತಿಳಿದಿದ್ದೆವು. ಪ್ರತಿ ವಿಭಾಗದ ಮುಖ್ಯಸ್ಥರಿಗೂ ತಮ್ಮ ಅಂಕಿಯೇ ಮೇಲ್ಸಾಲಿನಲ್ಲಿರಬೇಕು. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದರಷ್ಟೇ ನಾಜೂಕಿನ ವಿಷಯವದು. ಎರಡು ತಿಂಗಳು ಸಭೆಗಳಲ್ಲೇ ಕಳೆದ ಮೇಲೆ, ಒಂದು ರಾತ್ರಿ ಪಾಳಿಯ ಇಂಜಿನಿಯರೊಬ್ಬರ ಪಕ್ಕದಲ್ಲಿ ಸುಮ್ಮನೆ ಹೋಗಿ ಕುಳಿತೆ. ಅವರ ಮುಂದೆ ನಲವತ್ತಕ್ಕೂ ಹೆಚ್ಚು ಗ್ರಾಫುಗಳು. ಎರಡೂವರೆಗೆ ಫೋನು ಹೊಡೆದುಕೊಂಡಿತು. ಅವರು ಗ್ರಾಫುಗಳತ್ತ ಕಣ್ಣೆತ್ತಿಯೂ ನೋಡದೆ, ಕೀಬೋರ್ಡಿನ ಅಡಿಯಿಂದ ಮಕ್ಕಳ ನೋಟ್‌ಬುಕ್ಕೊಂದನ್ನು ಎಳೆದು, ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದ ಮೂರು ಪ್ರಶ್ನೆಗಳನ್ನು ಓದಿಕೊಂಡರು: ಯಾರ ಕೆಲಸ ನಿಂತಿದೆ, ಯಾವಾಗಿನಿಂದ, ಅದಕ್ಕೆ ತುಸು ಮೊದಲು ಯಾರು ಏನನ್ನು ಬದಲಿಸಿದರು. ನಮ್ಮ ಹೊಸ ಪರದೆಯ ಮೇಲ್ಸಾಲು ಆ ನೋಟ್‌ಬುಕ್ಕಿನಿಂದಲೇ ಬಂತು. ವಿಭಾಗಗಳ ಅಂಕಿಗಳೆಲ್ಲ ಒಂದು ಕ್ಲಿಕ್ಕಿನಷ್ಟು ಕೆಳಕ್ಕಿಳಿದವು. ಮುಖ್ಯಸ್ಥರಲ್ಲಿ ಇಬ್ಬರು ಕೆಲವು ವಾರ ನನ್ನೊಡನೆ ಮಾತು ಬಿಟ್ಟರು.

ಪುಟ ತೆರೆಯಲು ಹಿಡಿಯುವ ಹೊತ್ತಿನ ಸರಾಸರಿಯನ್ನು ಪರದೆಯಿಂದ ಕೈಬಿಟ್ಟದ್ದಕ್ಕೂ ತಕರಾರು ಬಂತು. ನೂರು ಮಂದಿಯಲ್ಲಿ 90 ಮಂದಿಗೆ 100 ಮಿಲಿಸೆಕೆಂಡಿನಲ್ಲಿ ಪುಟ ತೆರೆದು, ಉಳಿದ 10 ಮಂದಿ ತಲಾ 10 ಸೆಕೆಂಡು ಕಾದರೆ, ಸರಾಸರಿ ಸುಮಾರು 1.1 ಸೆಕೆಂಡು ಎಂದು ಬರುತ್ತದೆ; ಆ ನೂರರಲ್ಲಿ ಅಷ್ಟು ಹೊತ್ತು ಕಾದವರು ಒಬ್ಬರೂ ಇಲ್ಲ. ಬದಲಿಗೆ ನೂರಕ್ಕೆ 95 ಮಂದಿಗೆ ಎಷ್ಟು ಹೊತ್ತಿನೊಳಗೆ ಉತ್ತರ ಸಿಕ್ಕಿತು ಎಂದು ಕೇಳಿದರೆ, ಆ 10 ಸೆಕೆಂಡು ತಾನೇ ಎದ್ದು ಕಾಣುತ್ತದೆ. ಈ ಸಾಫ್ಟ್‌ವೇರ್‌ಗಳು ನಡೆಯುವ ಸರ್ವರ್ ಕಂಪ್ಯೂಟರುಗಳು ತೋರಿಸುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಿದ್ದೆಗಣ್ಣಿನವರಿಂದ ಕೂಡುವ ಲೆಕ್ಕ ಮಾಡಿಸಬಾರದೆಂದು ಎರಡನ್ನೂ ಜೊತೆಯಲ್ಲೇ ತೋರಿಸಿದೆವು. ಕೆಂಪು–ಹಸಿರಿನ ಭೇದ ಕಾಣದವರು ನಮ್ಮ ತಂಡದಲ್ಲೇ ಇದ್ದುದರಿಂದ, ಬಣ್ಣದ ಜೊತೆಗೆ ಗುರುತಿನ ಆಕಾರವನ್ನೂ ಬದಲಿಸಿದೆವು.

ಹಸಿರಿನ ತೊಡಕು ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. 1979ರ ಮಾರ್ಚ್ 28ರ ನಸುಕಿನಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ, ಒತ್ತಡ ತಗ್ಗಿಸಲೆಂದು ತೆರೆದುಕೊಂಡ ಕವಾಟವೊಂದು ಮತ್ತೆ ಮುಚ್ಚದೆ ಸಿಕ್ಕಿಹಾಕಿಕೊಂಡಿತು. ನಿಯಂತ್ರಣ ಕೊಠಡಿಯಲ್ಲಿ ಅದರ ದೀಪ ಆರಿದ್ದರಿಂದ ಕವಾಟ ಮುಚ್ಚಿದೆ ಎಂದು ಸಿಬ್ಬಂದಿ ತಿಳಿದರು. ಆ ದೀಪ ಹೇಳುತ್ತಿದ್ದುದು, ಮುಚ್ಚಿಕೊಳ್ಳುವಂತೆ ಕವಾಟಕ್ಕೆ ಸೂಚನೆ ಹೋಗಿದೆ ಎಂಬುದನ್ನಷ್ಟೇ. ಅದು ಮುಚ್ಚಿತೋ ಇಲ್ಲವೋ ಎಂಬುದು ದೀಪಕ್ಕೆ ಗೊತ್ತಿರಲಿಲ್ಲ. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಮೊಳಗಿದ್ದರಿಂದ, ಮುಖ್ಯವಾದುದನ್ನು ಬೇರ್ಪಡಿಸಿ ಕೇಳಿಸಿಕೊಳ್ಳುವುದೂ ಕಷ್ಟವಾಯಿತು. ಆ ಸೋರಿಕೆಯನ್ನು ತಡೆಯಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಕಡೆಗೆ ರಿಯಾಕ್ಟರಿನ ಒಡಲು ಭಾಗಶಃ ಕರಗಿತ್ತು.

ನಮ್ಮಲ್ಲಿ ಅಣುವೂ ಇಲ್ಲ, ಕವಾಟವೂ ಇಲ್ಲ, ತಪ್ಪು ಮಾತ್ರ ಅದೇ. ಪ್ರತಿ ಸರ್ವರಿಗೂ ಒಂದು ಚೌಕ, ದೋಷದ ವರದಿ ಬಂದರೆ ಅದು ಕೆಂಪು, ಬಾರದಿದ್ದರೆ ಹಸಿರು ಎಂಬುದು ಹಳೆಯ ಪರದೆಯ ನಿಯಮವಾಗಿತ್ತು. ಒಂದು ತಿಂಗಳ ಕೊನೆಯಲ್ಲಿ ಸಂಬಳದ ಸರ್ವರು ಕೆಟ್ಟು ನಿಂತಿತು. ವರದಿ ಕಳುಹಿಸಬೇಕಾದ ಪುಟ್ಟ ಪ್ರೋಗ್ರಾಮೂ ಅದರೊಳಗೇ ಇದ್ದುದರಿಂದ ಅದೂ ಜೊತೆಗೇ ಸತ್ತಿತು. ಸತ್ತವರು ದೂರು ಹೇಳುವುದಿಲ್ಲವಷ್ಟೆ. ಚೌಕ ಆರು ಗಂಟೆ ಹಸಿರಾಗಿಯೇ ಇತ್ತು, ಸುದ್ದಿ ಗ್ರಾಹಕರ ಫೋನಿನಿಂದ ಬಂತು.

ಹೊಸ ವಿನ್ಯಾಸದಲ್ಲಿ ಮೂರನೆಯ ಬಣ್ಣವಾಗಿ ಬೂದು ಬಂದದ್ದು ಹೀಗೆ. ನಿಗದಿತ ಹೊತ್ತಿನಲ್ಲಿ ವರದಿ ಬಾರದಿದ್ದರೆ ಚೌಕ ಬೂದಾಗುತ್ತದೆ, ಕೊನೆಯ ಸುದ್ದಿ ಎಷ್ಟು ಗಂಟೆಗೆ ಬಂದಿತ್ತೆಂಬುದು ಅದರ ಮೇಲೇ ಮೂಡುತ್ತದೆ. ಮೊದಲ ದಿನ ಬೆಳಿಗ್ಗೆ ಪರದೆಯ ಸುಮಾರು ಕಾಲು ಭಾಗ ಬೂದಾಗಿತ್ತು. ಮರುದಿನ ಗ್ರಾಹಕರ ತಂಡವೊಂದು ಕಚೇರಿಗೆ ಬರುವುದಿತ್ತು. ಅವರು ಬಂದು ಹೋಗುವವರೆಗಾದರೂ ಹಸಿರು ಮಾಡಿ ಎಂದು ಮೇಲಿನವರು ಹೇಳಿದರು. ನಾನು ಒಪ್ಪಲಿಲ್ಲ, ಆ ಸಂಜೆ ಇಡೀ ತಂಡ ಕುಳಿತು ಬೂದು ಚೌಕಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ನಾಲ್ಕು ಸರ್ವರುಗಳನ್ನು ಹಿಂದಿನ ದೀಪಾವಳಿಗೂ ಮುಂಚೆಯೇ ಕಳಚಿ ಒಯ್ದಿದ್ದರು. ಹಳೆಯ ಪರದೆಯಲ್ಲಿ ಅವು ಅಂದಿನವರೆಗೂ ಹಸಿರಾಗಿಯೇ ಇದ್ದವು. ನಮಸ್ಕಾರ.