ಮೊದಲು ಕಥೆ, ಆಮೇಲೆ ಸಿನಿಮಾ

ಕೇಳುಗರೆಲ್ಲರಿಗೂ ನಮಸ್ಕಾರ. ಹಳೆಯ ಕಥೆಗಳು ಸಿನಿಮಾ ಆಗುವ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಮುಂಬಯಿಯ ಕನ್ನಡ ಮನೆಗಳ ಹಿರಿಯರಿಗೆ ನಾನು ಹೇಳುವುದು ಒಂದೇ ಮಾತು: ಮಕ್ಕಳಿಗೆ ಮೊದಲು ಕಥೆ ಹೇಳಿ, ಆಮೇಲೆ ಸಿನಿಮಾ ತೋರಿಸಿ.

ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ತೆರೆಕಂಡದ್ದು ಇಲ್ಲೇ, ಗಿರಗಾಂವ್‌ನಲ್ಲಿ. ಮಾತಿಲ್ಲದ ಸಿನಿಮಾ. ಆದರೂ ಜನರಿಗೆ ಅರ್ಥವಾಯಿತು. ಕೀರ್ತನೆಯಲ್ಲಿ, ನಾಟಕದಲ್ಲಿ, ಮನೆಯಲ್ಲಿ ಆ ಕಥೆ ಕೇಳಿಯೇ ಬಂದಿದ್ದರು. ಫಾಲ್ಕೆಯವರು ಹರಿಶ್ಚಂದ್ರನ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ, ತೋರಿಸಿದರೆ ಸಾಕಿತ್ತು.

ಆ ಚಿತ್ರದ ಉಳಿದಿರುವ ತುಣುಕನ್ನು ಒಂದು ದಿನ ಮುಲುಂದಿನ ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ತೋರಿಸಿದೆ. ಪಕ್ಕದ ಮನೆಯ ಮರಾಠಿ ಹುಡುಗನೂ ಬಂದು ಕೂತ. ರಾಜ ಮಗನಿಗೆ ಬಿಲ್ಲುವಿದ್ಯೆ ಕಲಿಸುತ್ತಿದ್ದಾನೆ. ಮೊಮ್ಮಗಳು, “ಇವನು ಲೋಹಿತಾಶ್ವ, ಅವಳು ಚಂದ್ರಮತಿ” ಅಂದಳು. ಹುಡುಗ ಬಿಡಲಿಲ್ಲ. “ಅಲ್ಲ, ಇವನು ರೋಹಿತ್, ಅವಳು ತಾರಾಮತಿ!” ಜಗಳವೇ ಶುರುವಾಯಿತು. ನಾನು ಚಿತ್ರ ನಿಲ್ಲಿಸಿ, ರಾಘವಾಂಕನ ಕಾವ್ಯದಲ್ಲಿ ಚಂದ್ರಮತಿ, ಮರಾಠಿಯವರಿಗೆ ತಾರಾಮತಿ, ಇಬ್ಬರೂ ಒಬ್ಬಳೇ ಎಂದೆ. ಆ ರಾಣಿಯ ಪಾತ್ರ ಮಾಡಿದ್ದು ಸಾಳುಂಕೆ ಎಂಬ ಗಂಡಸು, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು ಅಂದಾಗ ಇಬ್ಬರೂ ಪರದೆಗೆ ಮೂಗು ತಾಗಿಸಿ ನೋಡಿದರು. ರಾಜನ ಮಗನಾಗಿ ನಟಿಸಿದ ಬಾಲಕ ಫಾಲ್ಕೆಯವರ ಸ್ವಂತ ಮಗ ಭಾಲಚಂದ್ರ ಎಂದೂ ಹೇಳಿದೆ. ತುಣುಕು ಮುಗಿದ ಮೇಲೆ, ಕಾಣದೆ ಹೋದ ಭಾಗವನ್ನು ಮಕ್ಕಳೇ ಹೇಳಿಕೊಂಡರು. ದರ್ಭೆ ತರಲು ಹೋದವನಿಗೆ ಹಾವು ಕಚ್ಚುವಲ್ಲಿ ಮೊಮ್ಮಗಳ ದನಿ ನಿಂತುಹೋಯಿತು. ಆ ಹುಡುಗ ಅಲ್ಲಿಂದ ಮರಾಠಿಯಲ್ಲಿ ಮುಂದುವರಿಸಿದ. ಕಥೆ ಕೇಳದೆ ಬಂದ ಮಕ್ಕಳಿಗೆ ಆ ಕಪ್ಪುಬಿಳುಪು ತುಣುಕು ಐದು ನಿಮಿಷವೂ ಹಿಡಿಸುತ್ತಿರಲಿಲ್ಲ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಕನ್ನಡದಲ್ಲಿ 1965ರ ‘ಸತ್ಯ ಹರಿಶ್ಚಂದ್ರ’ ನೋಡಿ. ವೀರಬಾಹು ಕುಲದ ಬಗ್ಗೆ ಹಾಡುತ್ತಾನಲ್ಲ, ಆ ಹಾಡು ರಾಘವಾಂಕನಲ್ಲಿಲ್ಲ. ಹಳೆಯ ಕಥೆಗೆ ಸಿನಿಮಾದವರು ಸೇರಿಸಿದ್ದು, ಚೆನ್ನಾಗಿಯೇ ಸೇರಿಸಿದ್ದಾರೆ. ಕಥೆ ಬಲ್ಲ ಮಗುವಿಗೆ ಅದು ಹೊಳೆಯುತ್ತದೆ. ಇಂಗ್ಲಿಷಿನ ‘ವಿಝರ್ಡ್ ಆಫ್ ಓಝ್’ ಹಾಡುಚಿತ್ರವೂ ಹಾಗೇ. 1900ರ ಪುಸ್ತಕದಲ್ಲಿ ಹುಡುಗಿಯ ಬೂಟು ಬೆಳ್ಳಿಯದು. 1939ರ ಚಿತ್ರದಲ್ಲಿ ಕೆಂಪು ಮಾಣಿಕ್ಯದ್ದು, ಆಗ ಹೊಸದಾಗಿದ್ದ ಟೆಕ್ನಿಕಲರ್ ಎಂಬ ಬಣ್ಣದ ಚಿತ್ರೀಕರಣದಲ್ಲಿ ಕಣ್ಣಿಗೆ ಹೊಡೆಯಲಿ ಎಂದು. “ಬೆಳ್ಳಿ ಹೋಗಿ ಕೆಂಪು ಯಾಕೆ ಬಂತು?” ಎಂದು ಕೇಳುವ ಮಗು ಸಿನಿಮಾ ನೋಡಲು ಕಲಿತ ಮಗು.

ದಯವಿಟ್ಟು ಫೋನು ಮಕ್ಕಳ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಪುರುಸೊತ್ತಿಲ್ಲ ಅನ್ನುತ್ತೀರಿ, ಗೊತ್ತು. ಭಾನುವಾರ ಥಿಯೇಟರಿಗೆ ಹೋಗುವಾಗ ಲೋಕಲ್ ರೈಲಿನಲ್ಲಿ ಕೂತು ಹೇಳಿ. ಮುಲುಂದಿನಿಂದ ದಾದರ್ ಬರುವಷ್ಟರಲ್ಲಿ ಹರಿಶ್ಚಂದ್ರ ಕಾಶಿ ತಲುಪಿರುತ್ತಾನೆ. ಉಳಿದದ್ದನ್ನು ವಾಪಸ್ ಬರುವಾಗ ಮಕ್ಕಳೇ ಹೇಳಲಿ. ನಮಸ್ಕಾರ.