ಚೀಟಿಯಲ್ಲಿದ್ದ ಎಂ

ಕೇಳುಗರೆ, ನಮಸ್ಕಾರ.

ಮಗಳ ಮನೆಗೆಂದು ಅಮೆರಿಕದ ಒಹಾಯೊಗೆ ಹೋಗಿದ್ದೆ. ಅಲ್ಲಿ ಮನೆ ಮುಂದೆ ರಂಗೋಲಿ ಇಲ್ಲ, ಹುಲ್ಲಿದೆ. ಆ ಹುಲ್ಲಿಗೆ ನಡೆಯುವ ಉಪಚಾರ ಕಂಡರೆ ನಮ್ಮೂರ ಹಸುಗಳು ನಕ್ಕಾವು.

ಒಂದು ದಿನ ಲಾನಿಗೆ ಗೊಬ್ಬರ ಹಾಕಲು ಬಂದವನು ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋದ. ಮೊದಲು 1 ಎಂಬ ಅಂಕಿ, ಆಮೇಲೆ ಫೋನಿನಲ್ಲಿರುವ ಹ್ಯಾಶ್ ಗುರುತು, ಎನ್, ಒಂದು ಓರೆಗೀಟು, ಕೊನೆಗೆ ಎಂ. ಇಷ್ಟೇ. ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು. ಎಂ ಅಂದ್ರೆ ಮೀಟರ್ ಅಂತ ಅಳಿಯಂದಿರಿಗೆ ಪಾಠವನ್ನೇ ಶುರು ಮಾಡಿದೆ. ಅವರು ಪಾಪ, ತಲೆಯಾಡಿಸಿದರು.

ಅದು ಮೀಟರ್ ಅಲ್ಲ. ಹಳೇ ಗಡಿಯಾರಗಳ ಮೇಲೆ ಎಕ್ಸ್, ವಿ, ಐ ಇರುತ್ತಲ್ವಾ, ಅದೇ ರೋಮನ್ ಅಂಕಿಗಳ ಮನೆತನದ್ದು ಈ ಎಂ. ಸಾವಿರ ಎಂದರ್ಥ. ಅಲ್ಲಿನ ಲಾನ್ ಕೆಲಸದವರ ಬಾಯಲ್ಲಿ ಒಂದು ಎಂ ಅಂದರೆ 1000 ಚದರ ಅಡಿ. ಹ್ಯಾಶ್ ಅಂದರೆ ಪೌಂಡು, ನಮ್ಮ ಲೆಕ್ಕಕ್ಕೆ ಸುಮಾರು 454 ಗ್ರಾಂ. ಎನ್ ಅಂದರೆ ಸಾರಜನಕ. ಸಾವಿರ ಚದರ ಅಡಿಗೆ ಒಂದು ಪೌಂಡು ಸಾರಜನಕ ಹಾಕಿದ್ದೇನೆ ಅಂತ ಆತ ಬರೆದು ಹೋಗಿದ್ದ. ನನ್ನ ಪಾಠ ನಂಬಿ ಚದರ ಮೀಟರಿಗೆ ಒಂದು ಪೌಂಡು ಸುರಿದಿದ್ದರೆ ಸುಮಾರು 93 ಪಟ್ಟು ಜಾಸ್ತಿ ಆಗುತ್ತಿತ್ತು!

ಪೌಂಡನ್ನು ಎಲ್‌ಬಿ ಅಂತಲೂ ಬರೆಯುತ್ತಾರೆ. ಪೌಂಡ್ ಎಂಬ ಮಾತಿನಲ್ಲಿ ಎಲ್ ಅಕ್ಷರವೂ ಇಲ್ಲ, ಬಿ ಅಕ್ಷರವೂ ಇಲ್ಲ. ಅದು ಲ್ಯಾಟಿನ್ನಿನ ಲಿಬ್ರಾ, ಅಂದರೆ ತಕ್ಕಡಿ. ಆ ಎಲ್‌ಬಿಯನ್ನೇ ಅವಸರದಲ್ಲಿ ಗೀಚಿ ಗೀಚಿ ಹ್ಯಾಶ್ ಗುರುತು ಹುಟ್ಟಿತಂತೆ.

ಇನ್ನು ಸಾವಿರಕ್ಕೆ ಎಂ ಬಿಟ್ಟು ಕೆ ಬರೆಯುವವರೂ ಇದ್ದಾರೆ. ಐದು ಕೆ ಲಾನ್ ಅಂದರೆ ಐದು ಸಾವಿರ ಚದರ ಅಡಿ. ಆದರೆ ಗೊಬ್ಬರದ ಚೀಲದ ಮೇಲಿನ ಎನ್-ಪಿ-ಕೆಯಲ್ಲಿ ಎನ್ ಸಾರಜನಕ, ಪಿ ರಂಜಕ, ಅದೇ ಕೆ ಪೊಟ್ಯಾಶ್! ಚೀಲದ ಮೇಲೆ 25-0-5 ಅಂತಿದ್ದರೆ ನೂರು ಪೌಂಡಿನಲ್ಲಿ ಸಾರಜನಕ ಇಪ್ಪತ್ತೈದು ಮಾತ್ರ. ಒಂದು ಪೌಂಡು ಸಾರಜನಕ ಬೇಕಾದರೆ ಗೊಬ್ಬರ ನಾಲ್ಕು ಪೌಂಡು ಹಾಕಬೇಕು. ನಮ್ಮ ರೈತರಿಗೆ ಇದೇನೂ ಹೊಸತಲ್ಲ. ಗೊಬ್ಬರದ ಚೀಲದ ಮೇಲೆ 19:19:19 ಓದಿದವರು ಇದನ್ನೂ ಓದುತ್ತಾರೆ.

ನನಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಟಿ ಅಕ್ಷರ. ಪಕ್ಕದ ಮನೆಯವರು ಕಳೆ ಔಷಧಿಯ ಅಳತೆ ಬರೆದುಕೊಟ್ಟರು. ಒಂದು ಗ್ಯಾಲನ್ ನೀರಿಗೆ 2 ಟಿ. ಅವರು ಬರೆದದ್ದು ಸಣ್ಣ ಟಿ, ಅಂದರೆ ಟೀ ಚಮಚ, ಸುಮಾರು 5 ಮಿಲಿ. ನಾನು ಓದಿದ್ದು ದೊಡ್ಡ ಟಿ, ಅಂದರೆ ಟೇಬಲ್ ಚಮಚ, 15 ಮಿಲಿ. ಮೂರು ಪಟ್ಟು! ಸಾಲದ್ದಕ್ಕೆ ಗ್ಯಾಲನ್ನಿನಲ್ಲೂ ಎಡವಿದೆ. ನನ್ನ ತಲೆಯಲ್ಲಿದ್ದದ್ದು ಇಂಗ್ಲೆಂಡಿನ ಗ್ಯಾಲನ್, ನಾಲ್ಕೂವರೆ ಲೀಟರ್. ಅಮೆರಿಕದ್ದು 3.785 ಲೀಟರ್ ಅಷ್ಟೇ. ಆದರೆ ನೀರು ಜಾಸ್ತಿ ಹಾಕಿದ್ದೇ ಒಳ್ಳೇದಾಯಿತು, ವಿಷ ಸ್ವಲ್ಪ ತೆಳುವಾಯಿತು. ಆದರೂ ವಾರದೊಳಗೆ ಅಂಚೆ ಡಬ್ಬಿಯ ಪಕ್ಕ ಚಾಪೆಯಷ್ಟಗಲ ಹುಲ್ಲು ಹಳದಿಯಾಯಿತು. ಮಗಳು ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವು.

ಔನ್ಸಿನದೂ ಇದೇ ಕಥೆ. ಪುಡಿಯಾದರೆ ತೂಕದ ಔನ್ಸು, 28 ಗ್ರಾಂ ಚಿಲ್ಲರೆ. ದ್ರವವಾದರೆ ಮುಂದೆ ಎಫ್‌ಎಲ್ ಸೇರುತ್ತದೆ, ಸುಮಾರು 30 ಮಿಲಿ. ನೀರಿನಲ್ಲಾದರೆ ಹೆಚ್ಚುಕಮ್ಮಿ ಒಂದೇ. ಪುಡಿಯನ್ನು ಲೋಟದಲ್ಲಿ ಅಳೆದಿರೋ, ಲೆಕ್ಕ ಕೆಟ್ಟಿತು.

ಹೊರಡುವ ಹಿಂದಿನ ದಿನ ಅಳಿಯಂದಿರು ಕೇಳಿದರು, "ಮಾವ, ನಮ್ಮ ಲಾನ್ ಐದು ಎಂ. ನಿಮ್ಮೂರ ಲೆಕ್ಕದಲ್ಲಿ ಎಷ್ಟು?" 33 ಅಡಿ ಉದ್ದ, 33 ಅಡಿ ಅಗಲ, ಒಂದು ಗುಂಟೆ 1089 ಚದರ ಅಡಿ. ಅಂದರೆ ಅವರ ಎಂ ನಮ್ಮ ಗುಂಟೆಗಿಂತ ಒಂದು ಸಣ್ಣ ಕೋಣೆಯಷ್ಟು ಕಮ್ಮಿ. "ನಾಲ್ಕೂವರೆ ಗುಂಟೆಗೆ ಚೂರು ಜಾಸ್ತಿ" ಅಂದೆ. "ಅದರಲ್ಲಿ ಒಂದು ಚಾಪೆ ಕಳೀಬೇಕು" ಅಂತ ಒಳಗಿಂದ ಮಗಳ ದನಿ ಬಂತು.

ನಮಸ್ಕಾರ.