ದಿವಾಡಿ ದ್ವೀಪದ ಹಳೆಯ ಮನೆಯಲ್ಲಿ ಎರಡು ರಾತ್ರಿ

ನಮಸ್ಕಾರ. ತೆರೆಯ ಮೇಲೆ ಈಗ ಕಾಣುತ್ತಿರುವುದು ಹಳೇ ಗೋವಾದ ಫೆರಿ ಕಟ್ಟೆ. ವೈಸರಾಯ್ ಕಮಾನಿನ ಕೆಳಗಿಂದ ಬಂದ ರಸ್ತೆ ಮಾಂಡೋವಿ ನದಿಯ ನೀರಿನವರೆಗೂ ಇಳಿದು ಅಲ್ಲಿಗೇ ಮುಗಿಯುತ್ತದೆ. ಆಚೆ ದಡದಲ್ಲಿ ಮಳೆಯ ಮಬ್ಬಿನೊಳಗೆ ಹಸಿರು ಗುಡ್ಡವಾಗಿ ಕಾಣುತ್ತಿರುವುದೇ ನಾವು ಹೊರಟಿರುವ ದ್ವೀಪ. ನಕ್ಷೆಯಲ್ಲಿ ದಿವಾರ್ ಎಂದು ಬರೆದಿರುತ್ತಾರೆ, ಊರಿನವರು ಕೊಂಕಣಿಯಲ್ಲಿ ದಿವಾಡಿ ಎನ್ನುತ್ತಾರೆ. ಹಳೇ ಗೋವಾದಿಂದ ಅಲ್ಲಿಗೆ ಸೇತುವೆಯಿಲ್ಲ. ನಡೆದು ಹತ್ತುವವರಿಂದ ಫೆರಿಯವರು ದುಡ್ಡು ಕೇಳುವುದಿಲ್ಲವಾದ್ದರಿಂದ, ಪಣಜಿಯಲ್ಲಿ ಒಂದು ಚಹಾ ಕುಡಿಯುವುದಕ್ಕಿಂತ ಅಗ್ಗವಾಗಿ ಒಂದು ದ್ವೀಪಕ್ಕೆ ಹೋಗಬಹುದು.

ನಾನು ಹುಟ್ಟಿದ್ದು ವಾಸ್ಕೋದಲ್ಲಿ. ಅಪ್ಪ ಹಾನಗಲ್ಲಿನ ಕಡೆಯಿಂದ ಮುರಗಾಂವ್ ಬಂದರಿನ ಕೆಲಸಕ್ಕೆಂದು ಬಂದು ಇಲ್ಲಿಯೇ ಉಳಿದವರು. ಇಷ್ಟು ವರ್ಷ ಗೋವಾದಲ್ಲಿದ್ದೂ ಈ ದ್ವೀಪದಲ್ಲಿ ಒಂದು ರಾತ್ರಿಯೂ ಕಳೆದಿರಲಿಲ್ಲ. ಜುಲೈ ತಿಂಗಳ ಒಂದು ಶನಿವಾರ ಅವ್ವನನ್ನು ಕರೆದುಕೊಂಡು ಹೊರಟೆ. ಮಳೆಗಾಲದಲ್ಲಿ ಬಾಡಿಗೆ ಕಡಿಮೆ ಎನ್ನುವುದು ಒಂದು ಕಾರಣವಾದರೆ, ಮಳೆ ಸುರಿಯುವಾಗ ನೋಡದೆ ಹಳೆಯ ಮನೆಯ ಬಗ್ಗೆ ಮಾತನಾಡಬಾರದು ಎನ್ನುವುದು ಇನ್ನೊಂದು.

ಫೆರಿಯಿಂದಿಳಿದ ರಸ್ತೆ ಎರಡೂ ಕಡೆ ತಗ್ಗಿನ ಗದ್ದೆಗಳನ್ನು ಇಟ್ಟುಕೊಂಡು ಸಾಗುತ್ತದೆ. ಗದ್ದೆಯ ಬಯಲು ಮುಗಿದು ಗುಡ್ಡ ಏಳತೊಡಗುವ ಗೆರೆಯಲ್ಲಿ, ತೆಂಗು ಹಲಸುಗಳ ನಡುವೆ, ನಾವು ಉಳಿದುಕೊಂಡ, ಈಗ ಹೋಟೆಲಾಗಿರುವ ಹಳೆಯ ಮನೆಯಿದೆ. ಗದ್ದೆಯಲ್ಲಿ ಒಂದೂ ಮನೆಯಿಲ್ಲ, ಮನೆಗಳೆಲ್ಲವೂ ಗುಡ್ಡದ ಬುಡಕ್ಕೆ ಒರಗಿಕೊಂಡಂತೆ ಸಾಲಾಗಿವೆ. ಇದನ್ನು ಮೊದಲ ದಿನ ನಾನು ಗಮನಿಸಿರಲಿಲ್ಲ. ಗಮನಿಸಿದವಳು ಅವ್ವ.

ಹೋಟೆಲಿನವರು ಈ ಮನೆಗೆ ಇನ್ನೂರು ವರ್ಷವಾಗಿದೆ ಎನ್ನುತ್ತಾರೆ. ಗೋಡೆಗಳನ್ನು ನೋಡಿದರೆ ನಂಬಬಹುದು. ಜಂಬಿಟ್ಟಿಗೆ ಕಲ್ಲಿನ ಗೋಡೆಗಳು ಎಷ್ಟು ದಪ್ಪವೆಂದರೆ, ಕಿಟಕಿಯ ಒಳಬದಿಯಲ್ಲಿ ಇಬ್ಬರು ಎದುರುಬದುರಾಗಿ ಕೂರುವಂತೆ ಕಲ್ಲಿನ ಆಸನಗಳನ್ನು ಬಿಡಿಸಿದ್ದಾರೆ. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಹೆಂಚು ಇದು. ಆದ್ದರಿಂದ ಹೋಟೆಲಿನವರ ಲೆಕ್ಕ ಸರಿಯಾಗಿದ್ದರೆ ಈ ಮನೆಗೆ ಮೊದಲು ನಾಡಹೆಂಚು ಇದ್ದಿರಬೇಕು. ಒಳಗೆ ಉದ್ದನೆಯ ಹಜಾರ, ಅದನ್ನು ಇಲ್ಲಿಯವರು ಸಾಲ ಎನ್ನುತ್ತಾರೆ. ಸಾಲದ ಒಂದು ತುದಿಯಲ್ಲಿ ಮನೆಯವರು ಪ್ರಾರ್ಥನೆಗೆಂದು ಇಟ್ಟುಕೊಂಡಿದ್ದ ಮರದ ಗೂಡು, ನಡುವೆ ತೂಗುದೀಪ. ಹೋಟೆಲಿನ ಜಾಹೀರಾತಿನಲ್ಲಿ ಇರುವುದೆಲ್ಲ ಈ ತೂಗುದೀಪವೇ. ನನ್ನ ಕ್ಯಾಮೆರಾ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಿಲ್ಲಬೇಕಾದದ್ದು ಕಿಟಕಿಗಳ ಮುಂದೆ. ಹತ್ತಿರದಿಂದ ನೋಡಿ, ಇವು ಗಾಜಲ್ಲ. ಮರದ ಸಣ್ಣ ಸಣ್ಣ ಚೌಕಟ್ಟುಗಳಲ್ಲಿ ಚಪ್ಪಟೆ ಚಿಪ್ಪುಗಳನ್ನು ಬೆರಳಗಲಕ್ಕೆ ಕತ್ತರಿಸಿ ಜೋಡಿಸಿದ್ದಾರೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಬಿಸಿಲನ್ನು ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ಬಿಡುವುದಕ್ಕೆ ಗೋವಾದವರು ಕಂಡುಕೊಂಡ ಉಪಾಯವಿದು. ಚಿಪ್ಪಿನ ಮೂಲಕ ಬರುವ ಬೆಳಕು ಹಾಲಿಗೆ ತುಸು ನೀರು ಬೆರೆಸಿದಂತಿರುತ್ತದೆ. ಮಳೆಗಾಲದ ಮಧ್ಯಾಹ್ನ ಆ ಬೆಳಕಿನಲ್ಲಿ ಕೆಂಪು ಗಾರೆಯ ನೆಲ ಒದ್ದೆಯಾದಂತೆ ತೋರುತ್ತದೆ, ಮುಟ್ಟಿದರೆ ಒಣಗಿರುತ್ತದೆ. ಈ ಚಿಪ್ಪಿನ ಜೀವಿ ವಾಸ್ಕೋದ ಹತ್ತಿರದ ಚಿಖಲಿ ಕೊಲ್ಲಿಯ ಕೆಸರಿನಲ್ಲಿ ಬದುಕುತ್ತದೆ, ಈಗ ಅದನ್ನು ಹಿಡಿಯುವುದಕ್ಕೆ ವನ್ಯಜೀವಿ ಕಾಯ್ದೆಯ ತಡೆಯಿದೆ. ಚಿಕ್ಕಂದಿನಲ್ಲಿ ಆ ದಡದಲ್ಲಿ ಚಿಪ್ಪು ಆರಿಸಿ ಆಡುತ್ತಿದ್ದ ನನಗೆ, ಅದು ಯಾರದೋ ಮನೆಯ ಕಿಟಕಿ ಎಂದು ಯಾರೂ ಹೇಳಿರಲಿಲ್ಲ. ಇಲ್ಲಿ ಒಡೆದ ಕೆಲವು ಚಿಪ್ಪುಗಳ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆ. ದೂರದಿಂದ ತಿಳಿಯುವುದಿಲ್ಲ, ಮಳೆಹನಿ ಬಿದ್ದಾಗ ಸದ್ದಿನಲ್ಲಿ ತಿಳಿಯುತ್ತದೆ.

ಇಷ್ಟು ದೊಡ್ಡ ಮನೆ ಹೋಟೆಲಾದದ್ದು ಏಕೆ ಎಂದು ಕೇಳಿದಾಗ ವ್ಯವಸ್ಥಾಪಕರು ನಕ್ಕು, ವಾರಸುದಾರರು ಬಹಳ ಎಂದರು. ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಿಂದ ಬಂದ ಕೌಟುಂಬಿಕ ಮತ್ತು ವಾರಸಿನ ಕಾನೂನು ಇಂದಿಗೂ ನಡೆಯುತ್ತಿದೆ. ಅದರಂತೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ತಂದೆತಾಯಿಯ ಆಸ್ತಿಯಲ್ಲಿ ಸಮಪಾಲು. ಮಗಳಾಗಿ ನನಗೆ ಬಹಳ ಮೆಚ್ಚಿಗೆಯಾಗುವ ಕಾನೂನಿದು. ಆದರೆ ಒಂದು ಮನೆಗೆ ಮೂರು ತಲೆಮಾರಿನ ಪಾಲುದಾರರು ಸೇರಿಕೊಂಡು, ಒಬ್ಬರು ಲಿಸ್ಬನ್‌ನಲ್ಲಿ, ಒಬ್ಬರು ಮುಂಬಯಿಯಲ್ಲಿ, ಇನ್ನೊಬ್ಬರು ಟೊರಾಂಟೊದಲ್ಲಿ ಇದ್ದರೆ, ಹೆಂಚು ಬದಲಿಸುವುದಕ್ಕೂ ಎಲ್ಲರ ಒಪ್ಪಿಗೆ ಬೇಕು. ದ್ವೀಪದಲ್ಲಿ ತಿರುಗಾಡುವಾಗ ಬೀಗ ಜಡಿದ ಬಾಗಿಲು, ಛಾವಣಿಯಿಂದ ಮೇಲೆದ್ದ ಅಶ್ವತ್ಥದ ಗಿಡ, ಇವೆರಡೂ ಒಟ್ಟೊಟ್ಟಿಗೆ ಕಂಡವು. ಈ ಮನೆಯ ಪಾಲುದಾರರು ಕೂಡಿ ಬಾಡಿಗೆಗೆ ಕೊಟ್ಟಿದ್ದರಿಂದ ಇದು ಉಳಿಯಿತು.

ಇನ್ನು ಮುಂಭಾಗದ ಜಗಲಿ. ಇಲ್ಲಿ ಅದಕ್ಕೆ ಬಲ್ಕಾಂವ್ ಎನ್ನುತ್ತಾರೆ. ರಸ್ತೆಗೆ ಮುಖ ಮಾಡಿ ನಾಲ್ಕಾರು ಮೆಟ್ಟಿಲು, ಕಂಬಗಳ ಮೇಲೊಂದು ಮಾಡು, ಎರಡೂ ಬದಿಗೆ ಕಲ್ಲಿನ ಕಟ್ಟೆ. ಆ ಕಟ್ಟೆಯನ್ನು ಸೋಪೊ ಎನ್ನುತ್ತಾರೆ. ಸಂಜೆ ಹೊತ್ತು ಕುಳಿತು ಹಾದುಹೋಗುವವರನ್ನು ಮಾತನಾಡಿಸುವುದಕ್ಕೆಂದೇ ಕಟ್ಟಿದ್ದು. ನಮ್ಮ ಕಡೆಯ ವಾಡೆಗಳಲ್ಲಿ ತಲೆಬಾಗಿಲಿನ ಎರಡೂ ಕಡೆ ಕಟ್ಟೆ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ. ಅವ್ವ ಮಾತ್ರ ಮೊದಲ ಸಂಜೆ ಅಲ್ಲಿ ಕೂರಲಿಲ್ಲ. ನಾನು ಸಣ್ಣವಳಿದ್ದಾಗ ಅವ್ವ ಇಂಥದೇ ಒಂದು ಮನೆಯಲ್ಲಿ ಕೆಲವು ವರ್ಷ ಪಾತ್ರೆ, ಬಟ್ಟೆ ಕೆಲಸ ಮಾಡಿದ್ದಳು. ಅಲ್ಲಿ ಅವಳು ಹೋಗಿಬರುತ್ತಿದ್ದುದು ಹಿತ್ತಲ ಬಾಗಿಲಿನಿಂದ. ಇಲ್ಲಿಯೂ ಬಂದ ಕೂಡಲೇ ಹಿಂದಕ್ಕೆ ಹೋಗಿ ಬಾವಿ, ಒಗೆಯುವ ಕಲ್ಲು, ಅಡುಗೆಮನೆಯ ಹೊಗೆಗಂಡಿ ಎಲ್ಲವನ್ನೂ ನೋಡಿಬಂದು, "ಬಾವ್ಯಾಗ ನೀರು ಮ್ಯಾಗ ಬಂದೈತಿ, ಆದ್ರ ಸಪ್ಪಗ ಐತಿ, ಉಪ್ಪಿಲ್ಲ" ಎಂದು ವರದಿ ಕೊಟ್ಟಳು. ನದಿಯ ನೀರು ಇಲ್ಲಿ ಉಬ್ಬರಕ್ಕೆ ಉಪ್ಪಾಗುತ್ತದೆ, ಗುಡ್ಡದ ಬುಡದ ಬಾವಿ ಸಿಹಿಯಾಗಿರುತ್ತದೆ. ಮನೆಗಳೆಲ್ಲ ಈ ಗೆರೆಯಲ್ಲೇ ಏಕೆ ನಿಂತಿವೆ ಎನ್ನುವುದಕ್ಕೆ ಆಗ ಉತ್ತರ ಸಿಕ್ಕಿತು.

ಅವ್ವ ಹಿತ್ತಲಲ್ಲಿದ್ದಾಗಲೇ ತೋಟದ ಕೆಲಸದವರೊಬ್ಬರು ಅವಳ ಸೀರೆ ಉಟ್ಟ ರೀತಿ ನೋಡಿ, "ಯವ್ವಾ, ನಿಮ್ದು ಯಾವೂರ್ರೀ?" ಎಂದು ಕೇಳಿದರಂತೆ. ಅವರು ಗದಗ ಜಿಲ್ಲೆ ರೋಣದ ಕಡೆಯವರು. ಪ್ರತಿ ಮೇ ತಿಂಗಳು ಛಾವಣಿ ಹತ್ತಿ ಒಡೆದ ಹೆಂಚು ಬದಲಿಸುವುದು, ಮಳೆ ಹೊಡೆಯುವ ಬದಿಯ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು ಅವರದೇ ಕೆಲಸ. ಜಾಹೀರಾತಿನ ಇನ್ನೂರು ವರ್ಷಗಳಲ್ಲಿ ಈಚಿನ ಒಂಬತ್ತು ಮಳೆಗಾಲಗಳನ್ನು ದಾಟಿಸಿದವರು ಇವರು.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಾಗ ಅವರೇ ನಮ್ಮನ್ನು ಗದ್ದೆಯ ಕಡೆಗೆ ಕರೆದೊಯ್ದರು. ಈ ತಗ್ಗಿನ ಗದ್ದೆಗಳಿಗೆ ಗೋವಾದಲ್ಲಿ ಖಾಜಣ ಎಂಬ ಹೆಸರು. ಕುಮಟೆಯ ಅಘನಾಶಿನಿ ದಡದ ಗಜನಿ ಗದ್ದೆಗಳನ್ನು ಕಂಡವರಿಗೆ ಇದು ಹೊಸದಲ್ಲ. ನದಿಯ ಅಂಚಿಗೆ ಕಾಂಡ್ಲದ ಗಿಡಗಳು, ಅವುಗಳ ಹಿಂದೆ ಮಣ್ಣಿನ ಒಡ್ಡು, ಒಡ್ಡಿನ ಹಿಂದೆ ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ಭತ್ತದ ಬಯಲು. ಒಡ್ಡಿನಲ್ಲಿ ಅಲ್ಲಲ್ಲಿ ತೂಬುಗಳಿವೆ, ಅವುಗಳಿಗೆ ಮಾನಸ್ ಎನ್ನುತ್ತಾರೆ. ತೂಬಿನ ಮರದ ಕದ ಮೇಲಿನಿಂದ ತೂಗುಬಿದ್ದಿರುತ್ತದೆ. ಉಬ್ಬರ ಬಂದಾಗ ನದಿಯ ನೀರು ಒತ್ತಿ ಕದ ತಾನಾಗಿ ಮುಚ್ಚಿಕೊಳ್ಳುತ್ತದೆ, ಇಳಿತವಾದಾಗ ಗದ್ದೆಯ ಮಳೆನೀರು ಒಳಗಿನಿಂದ ದೂಡಿ ಕದ ತಾನಾಗಿ ತೆರೆಯುತ್ತದೆ. ನಾವು ನಿಂತಿದ್ದಾಗ ಇಳಿತ ಶುರುವಾಗಿತ್ತು. ಕದ ಎರಡು ಸಲ ಅಲುಗಿ, ಸಂದಿನಿಂದ ಮೊದಲು ಒಂದು ಏಡಿ ಹೊರಬಿದ್ದು, ಆಮೇಲೆ ಕಂದುಬಣ್ಣದ ನೀರು ನುಗ್ಗಿತು. ಇದನ್ನು ನಾನು ಹನ್ನೊಂದು ನಿಮಿಷ ಚಿತ್ರಿಸಿದ್ದೇನೆ, ನಿಮಗೆ ತೋರಿಸುತ್ತಿರುವುದು ಅದರಲ್ಲಿ ಒಂದು ನಿಮಿಷ ಮಾತ್ರ.

ಮೊದಲ ಮಳೆಗಳು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಇಲ್ಲಿ ಕೊರ್ಗುಟ್ ಎಂಬ, ಉಪ್ಪು ತಡೆದುಕೊಳ್ಳುವ ಭತ್ತ ಬೆಳೆಯುತ್ತಾರೆ, ಗಜನಿಯಲ್ಲಿ ಕಗ್ಗ ಬೆಳೆಯುವಂತೆ. ಒಡ್ಡು ತೂಬುಗಳನ್ನು ನೋಡಿಕೊಳ್ಳುವುದಕ್ಕೆ ಪೋರ್ಚುಗೀಸರಿಗಿಂತ ಮೊದಲೇ ಗಾಂವ್ಕರಿ ಎಂಬ ಊರೊಟ್ಟಿನ ವ್ಯವಸ್ಥೆಯಿತ್ತು. ಆಳಲು ಬಂದವರು ಅದನ್ನು ಮುರಿಯದೆ 1526ರಲ್ಲಿ ಅದರ ಕಟ್ಟಳೆಗಳನ್ನು ಬರೆದಿಟ್ಟುಕೊಂಡರು. ಒಡ್ಡು ಒಡೆದರೆ ಕಂದಾಯವಿಲ್ಲ ಎಂಬುದು ಅವರಿಗೂ ಗೊತ್ತಿದ್ದಿರಬೇಕು. ಇಂಥ ಮನೆಗಳು ಎದ್ದದ್ದೂ ಈ ಗದ್ದೆಗಳ ಬೆಳೆಯಿಂದಲೇ ಇರಬೇಕು, ಆದರೆ ಗುಡ್ಡದ ಬುಡದ ಈ ಮನೆಯ ತೂಗುದೀಪಕ್ಕೂ ಕೆಳಗಿನ ಆ ಮರದ ಕದಕ್ಕೂ ಇರುವ ಆ ನಂಟು ಹೋಟೆಲಿನ ಯಾವ ಫಲಕದಲ್ಲಿಯೂ ಇಲ್ಲ. ಇರಬೇಕಿತ್ತು.

ಕನ್ನಡದವರು ಈ ದ್ವೀಪಕ್ಕೆ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆಳಗಾವಿ ಕಡೆಯ ಹಲಸಿ, ದೇಗಾಂವೆಗಳಲ್ಲಿ ಶಾಸನ ಬಿಟ್ಟುಹೋದ ಗೋವೆಯ ಕದಂಬರು ತಮ್ಮನ್ನು "ಸಪ್ತಕೋಟೀಶ್ವರ ಲಬ್ಧ ವರಪ್ರಸಾದ" ಎಂದು ಕರೆದುಕೊಳ್ಳುತ್ತಿದ್ದರು, ನಾಣ್ಯಗಳ ಮೇಲೂ ಆ ಬಿರುದನ್ನು ಅಚ್ಚು ಹಾಕಿಸಿದ್ದರು. ಆ ಸಪ್ತಕೋಟೀಶ್ವರನ ಗುಡಿ ಇದ್ದುದು ಈ ದ್ವೀಪದಲ್ಲಿ. ಬಹಮನಿಯವರ ಕಾಲದಲ್ಲಿ ಹಾಳಾದ ಗುಡಿಯನ್ನು ವಿಜಯನಗರದ ಮಾಧವ ಮಂತ್ರಿ ಮತ್ತೆ ನಿಲ್ಲಿಸಿದ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ ಮೇಲೆ ಲಿಂಗ ನದಿ ದಾಟಿ ಡಿಚೋಲಿಯ ನಾರ್ವೆಗೆ ಹೋಯಿತು. ಅಲ್ಲಿ 1668ರಲ್ಲಿ ಶಿವಾಜಿ ಮಹಾರಾಜರು ಅದಕ್ಕೆ ಗುಡಿ ಕಟ್ಟಿಸಿಕೊಟ್ಟರು. ದ್ವೀಪದ ಆಚೆ ತುದಿಯಿಂದ ಇನ್ನೊಂದು ಫೆರಿ ಹತ್ತಿದರೆ ಆ ಗುಡಿಗೆ ಹೋಗಬಹುದು, ನಾವು ಹೋಗಿಬಂದೆವು. ಇನ್ನೊಂದು ಕದಂಬ ಮನೆತನದ ಊರಾದ ಹಾನಗಲ್ಲಿನಲ್ಲಿ ಬೆಳೆದ ಅವ್ವ, ಅಲ್ಲಿಯ ತಾರಕೇಶ್ವರನ ಗುಡಿಯ ಮುಂದೆ ಇದು ಸಣ್ಣದು ಎಂದು ತೀರ್ಪು ಕೊಟ್ಟಳು. ಪಿಯೆದಾದ್ ಗುಡ್ಡದ ಮೇಲಿನ ಚರ್ಚಿನ ಅಂಗಳದಿಂದ ನದಿ, ಗದ್ದೆ, ಹಳೇ ಗೋವಾದ ಗೋಪುರಗಳು ಎಲ್ಲವೂ ಕಾಣುತ್ತವೆ, ಅದೊಂದನ್ನು ಬಿಡಬೇಡಿ. ಆಗಸ್ಟ್ ತಿಂಗಳ ನಾಲ್ಕನೆಯ ಶನಿವಾರ ಬೊಂದೆರಾಂ ಹಬ್ಬದ ದಿನ ಬರುವುದಾದರೆ ಫೆರಿಯ ಸಾಲಿಗೆ ಬಹಳ ಬೇಗ ಬನ್ನಿ.

ಈಗ ದೂರು. ಎರಡನೆಯ ರಾತ್ರಿ ಹತ್ತು ಗಂಟೆಗೆ ಕರೆಂಟು ಹೋಯಿತು. ಜನರೇಟರ್ ಕೆಟ್ಟಿದೆ ಎಂದು ಆಗ ಹೇಳಿದರು. ಕೋಣೆ ಕಾಯ್ದಿರಿಸುವಾಗ ಹೇಳಿರಲಿಲ್ಲ. ಏಸಿ ಹಾಕುವುದಕ್ಕೆಂದು ಎತ್ತರದ ಛಾವಣಿಯ ಕೆಳಗೆ ಹಲಗೆ ಹೊಡೆದು ತಗ್ಗಿಸಿದ್ದರಿಂದ ನಮ್ಮ ಕೋಣೆ ಸ್ವಲ್ಪ ಹೊತ್ತಿಗೇ ಬೇಯತೊಡಗಿತು. ನೂರಾರು ವರ್ಷ ಏಸಿಯಿಲ್ಲದೆ ತಂಪಾಗಿದ್ದ ಮನೆಗೆ ಏಸಿ ತಂದು ಸೆಕೆ ಮಾಡಿದ್ದಾರೆ. ಹಾಸಿಗೆಯನ್ನು ಸಾಲಕ್ಕೆ ಎಳೆದುಕೊಂಡು, ಚಿಪ್ಪಿನ ಕಿಟಕಿಗಳನ್ನು ತೆರೆದಿಟ್ಟು ಮಲಗಿದೆವು. ಹೆಂಚಿನ ಮೇಲೆ ಮಳೆ, ಗದ್ದೆಯಲ್ಲಿ ಕಪ್ಪೆಗಳ ಗದ್ದಲ. ನಡುರಾತ್ರಿ ಕೊಂಕಣ ರೈಲು ದ್ವೀಪವನ್ನು ದಾಟಿಹೋಯಿತು. ರೈಲು ಹಾಯುತ್ತದೆ, ಆದರೆ ಇಲ್ಲಿ ನಿಲ್ದಾಣವಿಲ್ಲ. ಮುಂಬಯಿಗೆ ಹೋಗುವಾಗ ಕರ್ಮಳಿ ನಿಲ್ದಾಣ ಬಿಟ್ಟ ಮೇಲೆ ಕಿಟಕಿಯಲ್ಲಿ ಹೊಳೆಯುತ್ತಿದ್ದ ನೀರು ಗದ್ದೆಗಳು ಈ ಗದ್ದೆಗಳೇ ಎಂದು ನನಗೆ ಹೊಳೆದದ್ದು ಆ ಕತ್ತಲಲ್ಲಿ.

ಬೆಳಿಗ್ಗೆ ಎದ್ದಾಗ ಅವ್ವ ಹಾಸಿಗೆಯಲ್ಲಿರಲಿಲ್ಲ. ಸೈಕಲ್ಲಿನ ಹಾರ್ನ್ ಒತ್ತುತ್ತ ಬ್ರೆಡ್ ಮಾರುವ ಪೊದೇರ್ ಬಂದಿದ್ದ. ಬಾಡಿಗೆಯಲ್ಲಿಯೇ ತಿಂಡಿ ಸೇರಿದ್ದರೂ ಅವ್ವ ಅವನಿಂದ ನಾಲ್ಕು ಪೊಯಿ ಕೊಂಡು, ಮುಂಭಾಗದ ಸೋಪೊದ ಮೇಲೆ ಕುಳಿತು, ಒಂದನ್ನು ಬಿಸಿಬಿಸಿಯಾಗಿಯೇ ಹರಿದು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಹಾದುಹೋಗುವ ಒಬ್ಬ ಅಜ್ಜಿ ಕೊಂಕಣಿಯಲ್ಲಿ ಏನೋ ಕೇಳಿದರು, ಅವ್ವ ತನ್ನ ವಾಸ್ಕೋ ಕೊಂಕಣಿಯಲ್ಲಿ ಉತ್ತರ ಕೊಟ್ಟಳು. ನಾನು ಕ್ಯಾಮೆರಾ ತೆಗೆದೊಡನೆ ಸೆರಗು ಸರಿಮಾಡಿಕೊಂಡು, "ಇದಕ್ಕ ಒಂದ್ ರಾತ್ರಿಗೆ ಎಷ್ಟು ಕೊಟ್ಟಿ?" ಎಂದು ಕೇಳಿದಳು. ನಾನು ಫೆರಿಗೆ ಹೊತ್ತಾಯಿತು ಎಂದೆ. ಅವ್ವ ಈ ವಿಡಿಯೊ ಖಂಡಿತ ನೋಡುತ್ತಾಳೆ, ಆದ್ದರಿಂದ ಬಾಡಿಗೆ ಎಷ್ಟೆಂದು ಇಲ್ಲಿಯೂ ಹೇಳುವುದಿಲ್ಲ.